ದೊಡ್ಡತ್ತೆಯ ಫೋನಿಗೆ ಬರುವ ಓಟಿಪಿ

ಅವತ್ತು ಸೋಮವಾರ ಅಂತ ನನ್ನ ನೆನಪು. ದೊಡ್ಡತ್ತೆ ಒಪ್ಪತ್ತು ಇದ್ದರು, ಬರೀ ಬಾಳೆಹಣ್ಣು ತಿಂದರು. ಆದರೆ ನನ್ನ ಗಂಡ ಹೇಳುವ ಪ್ರಕಾರ ಅವರು ಅವತ್ತು ನಮ್ಮ ಮನೆಯಲ್ಲಿ ಉಪ್ಪಿಟ್ಟನ್ನು ಕೇಳಿ ಕೇಳಿ ಹಾಕಿಸಿಕೊಂಡರು. ನಮ್ಮಿಬ್ಬರಲ್ಲಿ ಯಾರೋ ಒಬ್ಬರದು ತಪ್ಪು. ದಿನಚರಿ ಬರೆಯುವ ಅಭ್ಯಾಸ ನನಗಿದೆ, ಆದರೂ ಆ ದಿನ ಬರೆದದ್ದು ಒಂದೇ ಸಾಲು: ವೆಬ್‌ಸೈಟ್ ಶುರುವಾಯಿತು. ಹಾಗಾಗಿ ಮುಂದಿನದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು, ಅದರಲ್ಲೂ ಯಾರು ಯಾವ ಮಾತು ಆಡಿದರು ಅನ್ನುವ ಕಡೆ.

ಖಚಿತವಾಗಿ ಗೊತ್ತಿರುವುದು ಇಷ್ಟು. ಚಾಮರಾಜಪೇಟೆಯ ನಮ್ಮ ಮನೆಯಿಂದ ತೊಟ್ಟಿಲು ಬಾಡಿಗೆಗೆ ಕೊಡುತ್ತೇವೆ. ಗಂಡನ ಮನೆಯವರಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ ಇದ್ದ ಕಾಲದಿಂದ ಉಳಿದುಕೊಂಡು ಬಂದ ಬೀಟೆ ಮರದ ತೊಟ್ಟಿಲುಗಳು, ಹಿತ್ತಾಳೆ ಸರಪಳಿ, ಮೇಲೆ ನೇತಾಡುವ ಗಿಳಿಗಳು. ನಾಮಕರಣಕ್ಕೆ ಜನ ಒಯ್ಯುತ್ತಾರೆ, ಮುಗಿದ ಮೇಲೆ ತಂದು ಕೊಡುತ್ತಾರೆ. ಅತ್ತೆ ಇರುವವರೆಗೆ ಅವರೇ ನೋಡಿಕೊಂಡರು. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಸ್ವಲ್ಪ ಕಾಲ ಕಾಲೇಜಿನಲ್ಲಿ ಪಾಠ ಹೇಳಿ ಬಿಟ್ಟವಳು. ವೆಬ್‌ಸೈಟ್ ಮಾಡುವ ಯೋಚನೆ ನನ್ನದು. ಪುಟಗಳು ಹೇಗಿರಬೇಕು, ಯಾವ ತೊಟ್ಟಿಲಿನ ಫೋಟೋ ಮೊದಲು ಬರಬೇಕು, ಎಲ್ಲ ಕಾಗದದ ಮೇಲೆ ಗೀಚಿ ಗೀಚಿ ತೀರ್ಮಾನಿಸಿದ್ದು ನಾನು.

ನನಗೆ ಮಕ್ಕಳಿಲ್ಲ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದೆಲ್ಲ ಇದರ ಸುತ್ತಲೇ ಇದೆಯೋ, ನಾನೇ ಎಲ್ಲವನ್ನೂ ಎಳೆದು ತಂದು ಇದರ ಸುತ್ತ ನಿಲ್ಲಿಸುತ್ತಿದ್ದೇನೋ ನನಗಿನ್ನೂ ಗೊತ್ತಾಗಿಲ್ಲ.

ದೊಡ್ಡತ್ತೆ ಅಂದರೆ ನನ್ನ ಅತ್ತೆಯ ಅಕ್ಕ. ಮಲ್ಲೇಶ್ವರದಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ನಡುವೆ ಇದ್ದಾರೆ. ನಮ್ಮ ಮನೆತನದಲ್ಲಿ ಹೊಸದು ಏನೇ ಶುರುವಾದರೂ ಅವರ ಕೈಯಿಂದಲೇ ಆಗಬೇಕು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು, ಅಂಗಡಿಯ ಮೊದಲ ಬೋಣಿ, ಸ್ಕೂಟರಿನ ಕೀ ಮೊದಲ ಸಲ ತಿರುಗಿಸುವುದು ಎಲ್ಲವೂ. ಅವರ ಕೈಗುಣ ಹಾಗೆ ಅಂತ ಎಲ್ಲರ ನಂಬಿಕೆ. ವೆಬ್‌ಸೈಟಿಗೂ ಬಂದರು. ನನ್ನ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ವಿಭೂತಿ ಎಳೆದರು. ಆಮೇಲೆ ಕನ್ನಡಕ ಏರಿಸಿ ಕೀಲಿಮಣೆಯನ್ನು ನೋಡಿದರು.

“ಇದ್ರಲ್ಲಿ ನಂಗೇನೂ ಕಾಣಲ್ಲ ಕಣೇ. ನನ್ನ ಫೋನಲ್ಲೇ ಮಾಡೋಣ. ತೊಟ್ಟಿಲಿನ ವಿಷ್ಯ ಅಲ್ವಾ, ನನ್ನ ಕೈಯಿಂದಾನೇ ಆಗ್ಲಿ.”

ಈ ಮಾತು ಅವರೇ ಆಡಿದರು ಅಂತ ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ ಅಂದುಕೊಂಡಿದ್ದೆ. ಈಚೆಗೆ ಗಂಡ, “ನೀನೇ ಫೋನ್ ಮಾಡಿ ಕರೆದೆಯಲ್ಲೇ, ನಿಮ್ಮ ಕೈಯಿಂದ ಆಗ್ಲಿ ಬನ್ನಿ ದೊಡ್ಡತ್ತೆ ಅಂತ?” ಅಂದರು. ಕರೆದಿರಬಹುದು. ಕರೆಯದೆ ಇದ್ದಿದ್ದರೆ ಏನಾಗುತ್ತಿತ್ತು ಅಂತಲೂ ನನಗೆ ಗೊತ್ತಿತ್ತು.

ಹೀಗೆ ಸೈಟಿನ ಖಾತೆ ಅವರ ಹೆಸರಲ್ಲಿ, ಅವರ ಫೋನ್ ನಂಬರಿನಲ್ಲಿ ಆಯಿತು. ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಆಮೇಲೆ ಬದಲಾಯಿಸಿಕೊಂಡರಾಯಿತು ಅಂದುಕೊಂಡೆ.

ಫೋಟೋಗಳನ್ನು ತೋರಿಸಿದಾಗ ಅವರು ಹೌಹಾರಿದರು. “ಖಾಲಿ ತೊಟ್ಟಿಲು! ಊರಿಗೆಲ್ಲ ಖಾಲಿ ತೊಟ್ಟಿಲು ತೋರಿಸ್ತಾರಾ ಯಾರಾದ್ರೂ?” ಶಾಸ್ತ್ರದಲ್ಲಿ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುತ್ತಾರೆ. ಅದೇ ಆಗಲಿ ಅಂದರು. ರುಬ್ಬುವ ಕಲ್ಲಿನ ಗುಂಡನ್ನು ತೊಳೆದು, ಹಳದಿ ಬಟ್ಟೆ ಸುತ್ತಿ, ದೃಷ್ಟಿ ಬೊಟ್ಟಿಟ್ಟು ಪ್ರತಿ ತೊಟ್ಟಿಲಲ್ಲೂ ಮಲಗಿಸಿ ಮತ್ತೆ ಫೋಟೋ ತೆಗೆದೆ. ಅದನ್ನು ಎತ್ತಿ ಎತ್ತಿ ಇಡುವಾಗ, ಕತ್ತು ಜಾಗ್ರತೆ ಅನ್ನುವ ಹಾಗೆ ನನ್ನ ಅಂಗೈ ತಾನಾಗಿ ಅದರ ಕೆಳಗೆ ಹೋಗುತ್ತಿತ್ತು. ಇದನ್ನು ಗಂಡ ನೋಡಿದರೋ ಇಲ್ಲವೋ.

ಪ್ರಚಾರವೂ ಚೆನ್ನಾಗಿಯೇ ಆಯಿತು. ಗಾಂಧಿಬಜಾರಿನ ಹೂವಿನಂಗಡಿಗಳಲ್ಲಿ, ಹೆರಿಗೆ ಆಸ್ಪತ್ರೆಗಳ ಹತ್ತಿರದ ಮೆಡಿಕಲ್ ಶಾಪುಗಳಲ್ಲಿ ಕಾರ್ಡು ಕೊಟ್ಟು ಬಂದೆ. ದೊಡ್ಡತ್ತೆ ತಮ್ಮ ವಚನ ಗಾಯನದ ಗುಂಪಿಗೆ ಲಿಂಕ್ ಕಳಿಸಿದರು, ಅವರು ತಮ್ಮ ತಮ್ಮ ಬೀಗರಿಗೆ ಕಳಿಸಿದರು. ಮೊದಲ ಪುಟಕ್ಕೆ ಒಂದು ಸಾಲು ಬೇಕಿತ್ತು. ತುಂಬು ಕುಟುಂಬದ ಹಿರಿಯ ಕೈಯಿಂದ ನಿಮ್ಮ ಕಂದನ ತೊಟ್ಟಿಲಿಗೆ ಅಂತ ಬರೆದೆ. ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟ ದೊಡ್ಡತ್ತೆಯ ಫೋಟೋ. ಆ ಸಾಲು ಬರೆದವಳು ನಾನೇ, ಇದರಲ್ಲಿ ನೆನಪಿನ ತಪ್ಪೇನಿಲ್ಲ. ಜನ ಮೆಚ್ಚಿ ಬರೆದದ್ದೂ ಅದನ್ನೇ: ಅಮ್ಮನವರ ಕೈಗುಣ ಬಹಳ ಒಳ್ಳೆಯದು. ಫೋನು ಮಾಡಿದವರು ನನ್ನ ದನಿ ಕೇಳಿ, “ನೀವು ಸೊಸೇನಾ? ನಿಮಗೆಷ್ಟು ಮಕ್ಕಳು?” ಅನ್ನುತ್ತಿದ್ದರು. ನಾನು ತೊಟ್ಟಿಲಿನ ಉದ್ದ ಅಗಲ ಹೇಳುತ್ತಿದ್ದೆ.

ಸೈಟಿನ ಭದ್ರತೆಯ ಬಗ್ಗೆ ಓದಿ, ಲಾಗಿನ್ ಆಗುವಾಗಲೆಲ್ಲ ಫೋನಿಗೆ ಓಟಿಪಿ ಬರುವಂತೆ ಮಾಡಿದವಳೂ ನಾನೇ. ಕಳ್ಳರು ಬರಬಾರದು ಅಂತ. ಬರಲಿಲ್ಲ. ನಾನೂ ಒಳಗೆ ಹೋಗುವ ಹಾಗಿರಲಿಲ್ಲ. ಒಂದು ಕಾಗುಣಿತ ತಿದ್ದಲೂ ಮಲ್ಲೇಶ್ವರಕ್ಕೆ ಫೋನು ಮಾಡಬೇಕು.

“ಬಂತಾ ದೊಡ್ಡತ್ತೆ?”

“ಏನೋ ಬಂದಿದೆ. ತಾಳು, ಓದ್ತೀನಿ. ಇದನ್ನ ಯಾರಿಗೂ ಹೇಳ್ಬೇಡಿ ಅಂತ ಬರ್ದಿದಾರಲ್ಲೇ?”

“ನಂಗೆ ಹೇಳ್ಬೋದು ದೊಡ್ಡತ್ತೆ.”

“ಯಾರಿಗೂ ಅಂದ್ರೆ ನೀನೂ ಸೇರ್ತೀಯಾ ಇಲ್ವಾ?” ಅಂತ ನಗು. “ಇರ್ಲಿ, ಈಗ ಏನು ಬದಲಾಯಿಸ್ತಿದೀಯಾ? ನನ್ನ ಫೋಟೋ ತೆಗೀತಿಲ್ಲ ತಾನೆ?”

ಅಷ್ಟರಲ್ಲಿ ಓಟಿಪಿಯ ಸಮಯ ಮುಗಿದಿರುತ್ತಿತ್ತು. ಮತ್ತೆ ತರಿಸಬೇಕು. ಪ್ರತಿ ಸಲ ಏನು, ಯಾಕೆ ಅಂತ ವಿವರಿಸಬೇಕು. ಬರಬರುತ್ತಾ ವಿವರಿಸಬೇಕಾಗುತ್ತದಲ್ಲ ಅಂತಲೇ ಬದಲಾವಣೆ ಕೈಬಿಡತೊಡಗಿದೆ. ಗಂಡನಿಗೆ ಇದೆಲ್ಲ ತಮಾಷೆ. “ಬೆಂಗಳೂರಲ್ಲಿ ನಮ್ಮ ಕುಟುಂಬಕ್ಕಿರೋದು ಇದೊಂದೇ ಸೈಟು, ಅದೂ ದೊಡ್ಡಮ್ಮನ ಹೆಸರಲ್ಲಿ” ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಬಾಗಿಲ ಮುಂದೆ ಟೆಂಪೋ ನಿಂತಿತು. ಇಳಿದವರು ಮೊಮ್ಮಗಳ ನಾಮಕರಣದ ಸಡಗರದಲ್ಲಿದ್ದ ಒಬ್ಬ ಅಜ್ಜ.

“ತೊಟ್ಟಿಲು ರೆಡಿ ಇದ್ಯಾಮ್ಮ?”

ಬುಕಿಂಗ್ ಆಗಿಲ್ಲವಲ್ಲ ಅಂದೆ. ಅವರು ಫೋನು ತೆಗೆದು ತೋರಿಸಿದರು. ನಮ್ಮದಲ್ಲದ ಹೆಸರು, ನಮ್ಮದಲ್ಲದ ನಂಬರು. ಆದರೆ ತೊಟ್ಟಿಲು ನಮ್ಮದು, ಒಳಗೆ ಹಳದಿ ಬಟ್ಟೆ ಸುತ್ತಿಕೊಂಡು ಮಲಗಿದ್ದ ಗುಂಡುಕಲ್ಲೂ ನಮ್ಮದು. ದೃಷ್ಟಿ ಬೊಟ್ಟು ಸ್ವಲ್ಪ ಓರೆಯಾಗಿತ್ತು, ನಾನಿಟ್ಟಿದ್ದು. ಯಾರೋ ಇಡೀ ಪುಟವನ್ನೇ ನಕಲು ಮಾಡಿ ಮುಂಗಡ ತೆಗೆದುಕೊಳ್ಳುತ್ತಿದ್ದರು. ಅಜ್ಜನ ಕೈಲಿದ್ದ ನಂಬರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಅವರು ನಮ್ಮ ಮನೆ ಹುಡುಕಿ ಬಂದದ್ದು ಹೂವಿನಂಗಡಿಯವರು ಕೊಟ್ಟ ಕಾರ್ಡು ಹಿಡಿದು.

“ಬಾಣಂತಿ ಹಸೆ ಮೇಲೆ ಕೂತಿರ್ತಾಳಮ್ಮ ಇಷ್ಟೊತ್ತಿಗೆ. ನಾನೇನು ಮಂಚ ಹೊತ್ಕೊಂಡು ಹೋಗ್ಲಾ?” ಅಂದರು ಅಜ್ಜ. ರೇಗಿದ್ದರು, ಕಣ್ಣೂ ತುಂಬಿತ್ತು. ಮನೆಯಲ್ಲಿ ಉಳಿದಿದ್ದ ಒಂದೇ ತೊಟ್ಟಿಲಿನ ಸರಪಳಿಯ ಕೊಂಡಿ ಸಡಿಲವಾಗಿತ್ತು. ತಂತಿ ಬಿಗಿದು ಕಳಿಸಿದೆ.

ಅವರು ಹೋದ ಮೇಲೆ ತಕ್ಷಣ ಮಾಡಬೇಕಾದ್ದು ಒಂದೇ: ನಮ್ಮ ಸೈಟಿನ ಮೇಲೆ ಎಚ್ಚರಿಕೆ ಹಾಕುವುದು. ಪಾಸ್‌ವರ್ಡ್ ಹೊಡೆದೆ. ಓಟಿಪಿ ಕಳಿಸಲಾಗಿದೆ ಅಂತ ಬಂತು. ದೊಡ್ಡತ್ತೆ ಅವತ್ತು ಗವಿಪುರದ ಗುಡಿಗೆ ಹೋಗಿದ್ದರು, ಫೋನು ಸೊಸೆಯ ಚೀಲದಲ್ಲಿ ಸುಮ್ಮನಿತ್ತು. ಮತ್ತೆ ತರಿಸಿದೆ. ಮತ್ತೆ. ನಡುವೆ ಬೇರೊಬ್ಬರು ಕಾರ್ಡಿನಲ್ಲಿದ್ದ ನಮ್ಮ ನಂಬರಿಗೆ ಫೋನು ಮಾಡಿ, ಮುಂಗಡ ಕೊಟ್ಟಾಗಿದೆ, ನಾಳೆ ಎಷ್ಟು ಹೊತ್ತಿಗೆ ಬರೋದು ಅಂದರು. ನಾನು ಕಟ್ಟಿದ ಪುಟ ಎದುರಿಗೇ ಇತ್ತು, ಬೀದಿಯಲ್ಲಿ ಹೋಗುವವರು ನೋಡುವಷ್ಟೇ ನನಗೂ ಕಾಣುತ್ತಿತ್ತು. ಕೈ ಒಳಗೆ ಹೋಗುತ್ತಿರಲಿಲ್ಲ. ಸೈಟು ನಡೆಸುವ ಕಂಪನಿಗೆ ಬರೆದೆ. ಬಹಳ ಮರ್ಯಾದೆಯಿಂದ ಉತ್ತರ ಬಂತು: ದೂರನ್ನು ಖಾತೆದಾರರೇ ಕೊಡಬೇಕು, ನೀವು ಅವರಿಗೆ ಏನಾಗಬೇಕು?

ಮಧ್ಯಾಹ್ನ ದೊಡ್ಡತ್ತೆ ಫೋನು ಮಾಡಿದರು. “ಎಷ್ಟೊಂದು ಸಲ ಬಂದಿದೆಯಲ್ಲೇ! ಏನಾಯ್ತೇ?” ಹೇಳಿದೆ. ಗಾಬರಿಯಾಗಿ ಸೊಸೆಯ ಜೊತೆ ಆಟೋ ಹಿಡಿದು ಬಂದೇಬಿಟ್ಟರು. ನನ್ನ ಪಕ್ಕ ಕೂತು ಎಚ್ಚರಿಕೆ ಹಾಕಿಸಿದರು, ಹೇಳಿಕೊಟ್ಟ ಕಡೆಯೆಲ್ಲ ಒತ್ತಿ ದೂರು ಕಳಿಸಿದರು, ಕದ್ದವರಿಗೆ ಶಿವ ಒಳ್ಳೇದು ಮಾಡಲ್ಲ ಅಂದರು. ಅವರಲ್ಲಿ ಕೆಟ್ಟತನವಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು. ಕೆಲವು ದಿನಗಳ ಮೇಲೆ ನಕಲು ಪುಟ ಮಾಯವಾಯಿತು.

ದೂರು ಕಳಿಸಿದ ದಿನವೇ ಕೇಳಿದೆ. “ದೊಡ್ಡತ್ತೆ, ಖಾತೇನ ನನ್ನ ಹೆಸರಿಗೆ, ನನ್ನ ನಂಬರಿಗೆ ಮಾಡ್ಕೊಂಡ್ಬಿಡ್ತೀನಿ. ನಿಮಗೂ ತಾಪತ್ರಯ ತಪ್ಪತ್ತೆ.”

“ನಂಗೇನು ತಾಪತ್ರಯಾನೇ? ನಡೀತಿದೆಯಲ್ಲ. ಇಟ್ಟ ಕೈ ಬದಲಾಯಿಸೋದು ಬೇಡ ಬಿಡು.”

ನಾನು ಗಂಡನ ಮುಖ ನೋಡಿದೆ. ಅವರು, “ಯಾರ ಹೆಸರಲ್ಲಿದ್ರೇನು, ಮನೇದೇ ತಾನೆ?” ಅಂದರು. ಮನೆಯದೇ. ಮನೆಯದು ಅನ್ನುವ ಮಾತಿನಾಚೆಗೆ ಹೋಗಲು ನನಗೆ ಬಾಗಿಲು ಕಾಣಲಿಲ್ಲ. ಬೇರೆ ಹೆಸರಿನಲ್ಲಿ ಹೊಸ ಸೈಟು ಮಾಡಬಹುದು ಅಂತ ಯೋಚಿಸಿದೆ. ಆದರೆ ಜನ ಹುಡುಕಿ ಬರುವುದು ಆ ಫೋಟೋಗೆ, ಆ ಕೈಗೆ. ಹಾಗೆ ಬರುವಂತೆ ಮಾಡಿದವಳೂ ನಾನೇ.

ಈಚೆಗೆ ದೊಡ್ಡತ್ತೆಯನ್ನು ಸಂಪಿಗೆ ರಸ್ತೆಯ ಹೂವಿನವಳ ಹತ್ತಿರ ಕಂಡೆ, ನಾನು ಮೆಟ್ರೋ ಇಳಿದು ಅವರ ಮನೆಗೇ ಹೊರಟಿದ್ದೆ. ಬೇಕೆಂದೇ ಮನೆಯೊಳಗೆ ಅಲ್ಲದೆ ರಸ್ತೆಯಲ್ಲೇ ಕೇಳಿದೆನೋ, ಬಾಯಿಗೆ ಹಾಗೇ ಬಂತೋ ಹೇಳಲಾರೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿ, ಮಲ್ಲಿಗೆ ಇನ್ನೊಂದು ಮೊಳ ಕೊಡಮ್ಮ ಅಂದರು. ಆ ಹೂವನ್ನು ನನಗೇ ಮುಡಿಸಿದರು. ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟರು. ಆಮೇಲೂ ಓಟಿಪಿ ಕೇಳಿದಾಗಲೆಲ್ಲ ಓದಿ ಹೇಳುತ್ತಿದ್ದಾರೆ, ಈಗ ತಮಾಷೆ ಇಲ್ಲದೆ, ಬರೀ ಅಂಕಿಗಳನ್ನು. ಅವತ್ತು ಹೂವಿನವಳ ಎದುರು ನಾನು ಕೇಳಿದ್ದು ಇಷ್ಟೇ:

“ಅವತ್ತು ನಿಮ್ಮ ಕೈಯಿಂದಾನೇ ಆಗ್ಲಿ ಅಂದಿದ್ದು, ಈಗ ನನ್ನ ಕೈಗೆ ಬೇಡ ಅಂತಿರೋದು, ನಂಗೆ ಮಕ್ಕಳಿಲ್ಲ ಅಂತಾನಾ ದೊಡ್ಡತ್ತೆ?”