ತಲೆ ಮಾತ್ರ ನನ್ನದು

ನಮ್ಮ ದೇವದುರ್ಗದ ಮನೆಯ ಪಡಸಾಲೆಯಲ್ಲಿ, ಟಿ.ವಿ.ಯ ಮೇಲುಗಡೆ, ಬಂದವರ ಕಣ್ಣು ಮೊದಲು ಬೀಳುವ ಜಾಗದಲ್ಲಿ ಹದಿನೆಂಟು ವರ್ಷ ನನ್ನದೊಂದು ಫೋಟೋ ತೂಗುತ್ತಿತ್ತು. ನನ್ನದು ಎಂದೆನಲ್ಲ, ಅದನ್ನು ಸ್ವಲ್ಪ ತಿದ್ದಬೇಕು. ತಲೆ ಮಾತ್ರ ನನ್ನದು. ಕುತ್ತಿಗೆಯಿಂದ ಕೆಳಗೆ ಯಾರೆಂದು ನನಗೆ ಗೊತ್ತಿರಲಿಲ್ಲ. ಆ ಯಾರೋ ಒಬ್ಬಳು ಹಸಿರು ಲಂಗ, ಕೆಂಪು ದಾವಣಿ ಉಟ್ಟು, ಮಣಿಕಟ್ಟಿನ ತುಂಬ ಬಳೆ ಇಟ್ಟುಕೊಂಡು, ಪ್ಲಾಸ್ಟಿಕ್ ಹೂವಿನ ಕುಂಡದ ಮೇಲೆ ಎಡಗೈ ಊರಿ ನಿಂತಿದ್ದಳು. ಹಿಂದೆ ಧೋ ಎಂದು ಸುರಿಯುವ ಜಲಪಾತ. ನಮ್ಮ ಓಣಿಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಅದು ಬೇರೆ ಮಾತು.

ಇದು ಹೇಗಾಯಿತು ಎಂದು ಹೇಳಬೇಕಾದರೆ ಅಪ್ಪನ ಅಂಗಡಿಯಿಂದ ಶುರು ಮಾಡಬೇಕು. ಸುಟ್ಟುಹೋದ ಪಂಪ್‌ಸೆಟ್ ಮೋಟಾರು ಬಿಚ್ಚಿ, ಹಳೆಯ ತಾಮ್ರದ ತಂತಿ ತೆಗೆದು ಹೊಸದು ಸುತ್ತುವ ಅಂಗಡಿ ಅದು. ಶಾಲೆ ಬಿಟ್ಟರೆ ನಾನು ಅಲ್ಲೇ, ಅಣ್ಣನ ಹಳೆಯ ಚಡ್ಡಿ ಅಂಗಿಯಲ್ಲಿ. ಹತ್ತನೆಯ ವಯಸ್ಸಿನಲ್ಲಿ ಕಾದ ವಾರ್ನಿಷ್ ಚೆಲ್ಲಿ ಎಡಗೈ ಮೊಳಕೈಯ ಕೆಳಗೆ ಅಂಗೈ ಅಗಲ ಸುಟ್ಟಿತು. ಅವ್ವ ಒಂದು ತಿಂಗಳು ದಿನಾ ಬೆಳಗ್ಗೆ ಪಟ್ಟಿ ಬಿಚ್ಚಿ, ಊದಿ, ಮುಲಾಮು ಹಚ್ಚಿ, ಅಪ್ಪನನ್ನು ಬೈದು, ಮತ್ತೆ ಪಟ್ಟಿ ಕಟ್ಟುತ್ತಿದ್ದಳು. ಆ ಗುರುತು ಇಂದಿಗೂ ಹಾಗೇ ಇದೆ.

ಹಬ್ಬಕ್ಕೊಂದು ಫ್ರಾಕು ಮಾತ್ರ ತಪ್ಪುತ್ತಿರಲಿಲ್ಲ. ಫ್ರಾಕನ್ನು ಕಂಡುಹಿಡಿದ ಪುಣ್ಯಾತ್ಮರು ಯಾರೋ, ಅವರು ಮರ ಹತ್ತಿದವರಲ್ಲ, ಸೈಕಲ್ ಹೊಡೆದವರಲ್ಲ, ಬಹುಶಃ ನೆಲದ ಮೇಲೆ ಕೂತು ಎದ್ದವರೂ ಅಲ್ಲ. ಮುಂದೆ ನೆರಿಗೆಯ ಝಾಲರು, ಹಿಂದೆ ಕಟ್ಟುವ ಲಾಡಿ, ಒಳಗೆ ಚುಚ್ಚುವ ಜಾಳಿಗೆ ಬಟ್ಟೆ. ಅದನ್ನು ತೊಡಿಸಿ ಹೊರಗೆ ತಂದು ನಿಲ್ಲಿಸಿದ ಕೂಡಲೇ ಓಣಿಯ ಹೆಂಗಸರೆಲ್ಲ "ಗೊಂಬಿ ಆಗ್ಯಾಳ ನೋಡ್ರಿ" ಅನ್ನುವರು. ಅದು ಹೊಗಳಿಕೆಯಂತೆ. ಗೊಂಬೆಗೆ ಇರುವ ಕೆಲಸವಾದರೂ ಏನು? ಇಟ್ಟಲ್ಲಿ ಇರುವುದು, ಕಿತ್ತುಕೊಂಡರೆ ಅಳದೆ ಇರುವುದು. ನಾನು ಸಂಜೆಯೊಳಗೆ ಆ ಝಾಲರನ್ನು ಸೈಕಲ್ ಚೈನಿಗೆ ಊಟ ಮಾಡಿಸಿ ಬರುತ್ತಿದ್ದೆ.

ಈ ವಿಷಯದಲ್ಲಿ ಅವ್ವನಿಗಿಂತ ಹೆಚ್ಚು ಸಂಕಟಪಟ್ಟವಳು ಮಾನ್ವಿಯ ದೊಡ್ಡವ್ವ, ಅವ್ವನ ಅಕ್ಕ. ನನ್ನ ಮೈಮೇಲಿನ ಬಟ್ಟೆಗೆ ತನ್ನನ್ನೇ ಮಂತ್ರಿ ಮಾಡಿದ್ದಾರೆಂದು ಆಕೆ ನಂಬಿದ್ದಳು. ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು. "ಹೆಣ್ಣ ಹುಡುಗಿನ್ನ ಹೆಣ್ಣಿನ ಹಂಗ ಬೆಳಸಬೇಕವ್ವಾ. ನಾಳಿ ಯಾರು ಮಾಡ್ಕೊಂತಾರ ಈ ಗಂಡುಬೀರಿನ್ನ?" ಈಗ ನಾನು ಕುರ್ಡಿಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಪೇಪರಿನ ಕ್ರೀಡಾಪುಟಕ್ಕೆ ಜಗಳ ಆಗುತ್ತದೆ, ನಿಘಂಟಿಗೆ ಎಂದೂ ಆಗಿಲ್ಲ. ಆದ್ದರಿಂದ ನಿಘಂಟನ್ನು ನಾನೇ ಓದುತ್ತೇನೆ. ಒಂದು ಮಧ್ಯಾಹ್ನ 'ಬೀರ' ಸಿಕ್ಕಿತು. ಬೀರ ಎಂದರೆ ವೀರ. ಗಂಡುಬೀರಿಗೂ ಈ ಬೀರನಿಗೂ ನೆಂಟಸ್ತನ ಉಂಟೋ ಇಲ್ಲವೋ ಪಂಡಿತರು ಜಗಳವಾಡಿ ತೀರ್ಮಾನಿಸಲಿ, ನಾನಂತೂ ಉಂಟೆಂದೇ ಇಟ್ಟುಕೊಂಡಿದ್ದೇನೆ. ಬೈಯುತ್ತಿದ್ದೇನೆಂದುಕೊಂಡು ದೊಡ್ಡವ್ವ ಇಷ್ಟು ವರ್ಷ ಬಿರುದು ಕೊಟ್ಟಿದ್ದಾಳೆ. ಆದರೆ ಆ ಬಿರುದಿಗೆ ತಕ್ಕ ಗುಣ ನನಗೆ ಯಾರ ಕಡೆಯಿಂದ ಬಂತು ಎಂಬುದನ್ನು ಯಾವ ನಿಘಂಟೂ ಹೇಳಲಿಲ್ಲ.

ಹದಿಮೂರಕ್ಕೆ ನಾನು ದೊಡ್ಡವಳಾದೆ. ಸೋದರಮಾವ ಲಂಗ ದಾವಣಿ ತಂದ, ಓಣಿಗೆಲ್ಲ ಊಟ ಹೇಳಿದರು. ನಾನು ಅಪ್ಪನ ಅಂಗಡಿಯ ಏಣಿ ಹಚ್ಚಿ ಮಾಳಿಗೆ ಹತ್ತಿ, ಏಣಿಯನ್ನೂ ಮೇಲಕ್ಕೆ ಎಳೆದುಕೊಂಡೆ. ಕೆಳಗಿನಿಂದ ದೊಡ್ಡವ್ವ ಮೊದಲು ಗದರಿದಳು, ಆಮೇಲೆ ಜಿಲೇಬಿ ತೋರಿಸಿದಳು. ಮಂದಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ನಮ್ಮ ಮನೆತನದ ಬಗ್ಗೆ ಒಂದಿಷ್ಟು ಆಡಿಕೊಂಡು ಹೋದರು. ಸಂಜೆ ನಾನು ಇಳಿದಾಗ ಅವ್ವ ಬೈಯಲಿಲ್ಲ. ಲಂಗವನ್ನು ಮಡಿಸಿಡುತ್ತ, "ಒಂದು ಫೋಟೋನರ ತಗಸ್ಬೇಕಂತ ಆಸಿ ಇತ್ತು" ಎಂದಳು ಅಷ್ಟೇ. ಬೈದಿದ್ದರೆ ತಿರುಗಿ ಜಗಳವಾಡುತ್ತಿದ್ದೆ. ಅದರ ಬದಲು ಏಣಿ ಹೊತ್ತುಕೊಂಡು ಹೋಗಿ ಅಂಗಡಿಯಲ್ಲಿ ಇಟ್ಟು ಬಂದೆ.

ಅವ್ವನ ಆಸೆ ತೀರಿಸುವ ಹೊಣೆಯನ್ನು ದೊಡ್ಡವ್ವ ಹೊತ್ತಳು. ನನ್ನ ಶಾಲೆಯ ಗುರುತಿನ ಚೀಟಿಯ ಫೋಟೋ ಎತ್ತಿಕೊಂಡು ಮಾನ್ವಿಯ ಒಂದು ಸ್ಟುಡಿಯೋಕ್ಕೆ ಹೋದಳು. ಆ ಸ್ಟುಡಿಯೋದವನು ಹೇಳಿದ ಮಾತನ್ನು ಆಮೇಲೆ ಆಕೆಯೇ ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದಳು: "ಹುಡುಗಿ ಬರೂದೇನ್ ಬ್ಯಾಡ್ರಿ ಯವ್ವಾ, ಮಾರಿ ಒಂದಿದ್ರ ಸಾಕು. ಉಳಿದದ್ದೆಲ್ಲಾ ನಮ್ಮ ಹತ್ರ ಅದ." ಹೆಣ್ಣುಮಕ್ಕಳ ಬಗ್ಗೆ ಊರಿಗಿರುವ ತಿಳಿವಳಿಕೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಸ್ಟುಡಿಯೋದವರಿಗೆ ಈ ವಿದ್ಯೆ ಹೊಸದಲ್ಲ. ಸತ್ತವರ ಮೇಲೆ ಮೊದಲು ಕಲಿತದ್ದು. ಕಲ್ಮಲದ ನಮ್ಮ ಮುತ್ಯಾ, ಅಂದರೆ ಅಜ್ಜ, ಹುಟ್ಟಿದಾರಭ್ಯ ಧೋತರ ಬಿಟ್ಟು ಬೇರೆ ಉಟ್ಟವನಲ್ಲ. ಸತ್ತ ಹನ್ನೊಂದನೆಯ ದಿನ ಆತನ ಫೋಟೋಕ್ಕೆ ಕಟ್ಟು ಹಾಕಿಸಿ ತಂದು ನಿಲ್ಲಿಸಿದರೆ ಮೈಮೇಲೆ ನೀಲಿ ಕೋಟು, ಕೊರಳಲ್ಲಿ ಕೆಂಪು ಟೈ. ರೇಷನ್ ಕಾರ್ಡಿನ ಮುಖ, ಬ್ಯಾಂಕ್ ಮ್ಯಾನೇಜರನ ಮೈ. ಪಾಪ, ಎದ್ದು ಬಂದು ತಕರಾರು ಮಾಡುವ ಸ್ಥಿತಿಯಲ್ಲಿ ಆತ ಇರಲಿಲ್ಲ. ಬದುಕಿರುವಾಗಲೇ ಆ ಮರ್ಯಾದೆ ಸಿಕ್ಕಿದ್ದು ಬಹುಶಃ ನನಗೇ ಮೊದಲು.

ಅಂತೂ ಆ ಫೋಟೋ ಗೋಡೆ ಏರಿತು. ಆ ಬಿಳಿ ಕೈಗಳಿಗೆ ಹೊಂದಲಿ ಎಂದು ನನ್ನ ಮುಖಕ್ಕೂ ಸುಣ್ಣ ಹೊಡೆದಿದ್ದರು. ಬಂದವರೆಲ್ಲ ಅದನ್ನು ನೋಡಿ, ನನ್ನ ಕಡೆ ತಿರುಗಿ, "ಹಿಂಗಿದ್ರ ಎಷ್ಟ್ ಚಂದ ಕಾಣ್ತಿ" ಎಂದರು. ಬೇರೆ ಯಾರ ಮೈಯನ್ನೋ ತೋರಿಸಿ ನನಗೆ ಬುದ್ಧಿ ಹೇಳುವುದು ಅವರಿಗೆ ವಿಚಿತ್ರ ಎನಿಸಲೇ ಇಲ್ಲ.

ಮುಂದೆ ನನಗೆ ಕೆಲಸ ಸಿಕ್ಕ ಮೇಲೆ ದೊಡ್ಡವ್ವ ಅದೇ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ರಾಯಚೂರಿನ ಒಂದು ಮನೆತನಕ್ಕೆ ಕಳಿಸಿದಳು. ಅವರು ಕನ್ಯೆ ನೋಡಲು ಬಂದರು. ನಾನು ಕುರ್ಡಿಯಿಂದ ಬೈಕ್ ಮೇಲೆ, ಪ್ಯಾಂಟು ಶರ್ಟಿನಲ್ಲಿ, ತಲೆ ತುಂಬ ಧೂಳು ಹೊತ್ತು ಬಂದು ಇಳಿದೆ. ಹುಡುಗನ ತಾಯಿ ಗೋಡೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಗೋಡೆ ನೋಡಿದಳು.

"ಫೋಟೋದಾಗಿನ ಹುಡುಗಿ ಎಲ್ಲಿ ಅದಾಳ್ರೀ?"

"ಮಾನ್ವಿ ಸ್ಟುಡಿಯೋದಾಗ ಅದಾಳ್ರೀ" ಎಂದೆ. "ತಲಿ ಮಾತ್ರ ನೀವ ಬ್ಯಾರೆ ತಗೊಂಡ್ ಹೋಗಬೇಕು."

ಮಂಡಕ್ಕಿ ಒಗ್ಗರಣಿ, ಮಿರ್ಚಿ ಪೂರ್ತಿ ಮುಗಿಸಿಯೇ ಅವರು ಸಿಟ್ಟಾದರು. ಅವರು ಹೋದದ್ದಕ್ಕೆ ನನಗೆ ಬೇಸರವಿರಲಿಲ್ಲ. ಬೇಸರವಾದದ್ದು ಆಮೇಲೆ, ತಟ್ಟೆ ಎತ್ತುತ್ತ ಅವ್ವ ಆಡಿದ ಮಾತಿಗೆ. "ಅವತ್ತ ದೊಡ್ಡಾಕಿ ಆದಾಗೊಂದು ತಾಸು ಲಂಗ ಉಟ್ಟಿದ್ದಿ. ಇವತ್ತೊಂದು ತಾಸು ಉಟ್ಟಿದ್ರ ಏನಾಗತಿತ್ತು?"

ಆಕೆ ಕೊಂಕು ಮಾತಾಡುತ್ತಿದ್ದಾಳೆಂದುಕೊಂಡೆ. ಮುಖ ನೋಡಿದರೆ ಇಲ್ಲ, ನಿಜವಾಗಿಯೂ ನಂಬಿದ್ದಾಳೆ. ದಿನಾ ನೋಡಿ ನೋಡಿ, ಬಂದವರಿಗೆಲ್ಲ ತೋರಿಸಿ ತೋರಿಸಿ, ಮಾಳಿಗೆ ಹತ್ತಿ ಏಣಿ ಎಳೆದುಕೊಂಡ ಮಗಳು ಅಳಿಸಿಹೋಗಿ ಹೂಕುಂಡದ ಪಕ್ಕದವಳು ಆ ಜಾಗದಲ್ಲಿ ಬಂದು ಕೂತಿದ್ದಳು. ಊರು ನನ್ನನ್ನು ಏನೆಂದರೂ ನನಗೆ ಚಿಂತೆ ಇರಲಿಲ್ಲ. ಹೆತ್ತ ಅವ್ವನ ನೆನಪಿನಲ್ಲಿ ನಾನಿಲ್ಲ ಎಂಬುದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಆ ಲಂಗ ನಾನು ಉಟ್ಟೇ ಇಲ್ಲ ಎಂದು ಎಷ್ಟು ಸಲ ಹೇಳಿದರೂ "ಇರ್ಲಿ ಬಿಡು, ನಿನಗ ನೆನಪಿಲ್ಲ" ಎನ್ನುತ್ತಿದ್ದಳು.

ಹೋದ ವರ್ಷ ಹಿರೇಕೊಟ್ನೆಕಲ್‌ನಲ್ಲಿ ಅವ್ವನ ಪರಿಚಯದವರ ಮನೆಯ ತೊಟ್ಟಿಲ ಕಾರ್ಯ. ಬೈಕ್ ಹಿಂದೆ ಅವ್ವನನ್ನು ಕೂರಿಸಿಕೊಂಡು ಹೋದೆ. ಪಡಸಾಲೆಗೆ ಕಾಲಿಟ್ಟ ಅವ್ವ ಹಾಗೇ ನಿಂತಳು. ಗೋಡೆಯ ಮೇಲೆ ಹಸಿರು ಲಂಗ, ಕೆಂಪು ದಾವಣಿ, ಹೂಕುಂಡ, ಜಲಪಾತ. ಬಳೆಗಳೂ ಅವೇ, ಬೆರಳಿನ ಉಂಗುರವೂ ಅದೇ. ತಲೆ ಮಾತ್ರ ಬೇರೆ.

"ನಮ್ಮ ಹಿರೇ ಮಗಳ್ರೀ" ಎಂದಳು ಮನೆಯಾಕೆ. "ಚಂದ ಅದಾಳಲ್ರೀ?"

ನನಗೆ ಜೋರಾಗಿ ನಗಬೇಕೆನಿಸಿತು. ಇನ್ನೂ ಎಷ್ಟು ಗೋಡೆಗಳ ಮೇಲೆ ಇವಳು ನಿಂತಿದ್ದಾಳೋ. ಊರಿಗೆ ಬೇಕಾಗಿದ್ದ ಹುಡುಗಿ ಇವಳೊಬ್ಬಳೇ, ನಾವೆಲ್ಲ ಬರೀ ತಲೆ ಒದಗಿಸಿದವರು. ಅವ್ವ ನಗಲಿಲ್ಲ. ಹತ್ತಿರ ಹೋಗಿ, ಗಾಜಿನ ಮೇಲೆ ಬೆರಳಿಟ್ಟು, ಆ ಎಡಗೈಯನ್ನು ಬಹಳ ಹೊತ್ತು ನೋಡಿದಳು.

ವಾಪಸು ಬರುವಾಗ ನಡುದಾರಿಯಲ್ಲಿ "ಗಾಡಿ ನಿಲ್ಲಸು" ಎಂದಳು. ನಿಲ್ಲಿಸಿದೆ. ಇಳಿದು ಬಂದು ನನ್ನ ಶರ್ಟಿನ ಎಡತೋಳು ಮೇಲೆ ಸರಿಸಿ, ಮೊಳಕೈ ಹಿಡಿದಳು.

"ಈ ಸುಟ್ಟ ಗುರ್ತು ನಮ್ಮನಿ ಫೋಟೋದಾಗ ಎಲ್ಲದ?"

"ಇಲ್ಲ ಬೇ. ಅದು ನನ್ನ ಕೈ ಅಲ್ಲ."

"ಒಂದ್ ತಿಂಗಳು ದಿನಾ ಮುಲಾಮು ಹಚ್ಚಿದಾಕಿ ನಾನು" ಎಂದಳು ಅವ್ವ. "ನಾನರ ನೋಡಬೇಕಾಗಿತ್ತು." ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹೂಂ, ಗಾಡಿ ಹೊಡಿ" ಎಂದು ಹಿಂದೆ ಹತ್ತಿ ಕೂತಳು.

ಮನೆಗೆ ಬಂದು ಸೀರೆ ಬದಲಿಸುವ ಮೊದಲೇ ಸ್ಟೂಲ್ ಹತ್ತಿ ಅದನ್ನು ಇಳಿಸಿದಳು. ಈಗ ಆ ಮೊಳೆಗೆ ಬೇರೆ ಫೋಟೋ ಇದೆ. ಅಪ್ಪನ ಅಂಗಡಿಯಲ್ಲಿ, ತೋಳು ಮಡಚಿದ ಶರ್ಟಿನಲ್ಲಿ, ಮೋಟಾರಿನ ಮುಂದೆ ಕೂತ ನಾನು. ಅವ್ವನೇ ಮೊಬೈಲಿನಲ್ಲಿ ತೆಗೆದದ್ದು, ಅರ್ಧ ಕಿವಿ ಬಂದಿಲ್ಲ. ಮೊಳಕೈ ಮಾತ್ರ ಸ್ಪಷ್ಟವಾಗಿದೆ.

ತಿಂಗಳ ಮೇಲೆ ದೊಡ್ಡವ್ವ ಬಂದಳು. ಗೋಡೆ ನೋಡಿ, ಚಪ್ಪಲಿ ಬಿಡುವುದನ್ನೂ ಮರೆತು, "ಆ ಲಂಗದ ಫೋಟೋ ಎಲ್ಲಿ ಹೋತು?" ಎಂದಳು.

ಅವ್ವ ಚಾದ ಕಪ್ಪನ್ನು ಆಕೆಯ ಕೈಗಿಟ್ಟು, ಏನೂ ಆಗಿಲ್ಲವೆಂಬಂತೆ ಹೇಳಿದಳು. "ಆಕಿ ಹಿರೇಕೊಟ್ನೆಕಲ್ ಹುಡುಗಿ ಅಕ್ಕಾ. ಆಕಿ ಮನಿಗಿ ಕಳಿಸಿಬಿಟ್ಟೆ."

ಗಂಡುಬೀರಿತನ ನನಗೆ ಎಲ್ಲಿಂದ ಬಂತೆಂದು ಇಷ್ಟು ವರ್ಷ ನಾನು ನಿಘಂಟಿನಲ್ಲಿ ಹುಡುಕುತ್ತಿದ್ದೆ.