ಪಾಯಿಂಟರಿಗೆ ಚೀಟಿ ಹಚ್ಚಿದವಳು

ತಪ್ಪು ನನ್ನದು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಈಗ ಹೇಳಿದರೆ ಯಾರಿಗೇನು ಸಿಕ್ಕೀತು, ಮಣ್ಣು! ಆದರೂ ಹೇಳುತ್ತೇನೆ.

ಬನಹಟ್ಟಿಯಲ್ಲಿ ಮಗ್ಗಗಳಿಗೆ ಕಂಪ್ಯೂಟರ್ ಜೋಡಿಸಿಕೊಡುವ ಸಣ್ಣ ವರ್ಕ್‌ಶಾಪಿನಲ್ಲಿ ನಾನಿದ್ದೆ. ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ರ ಒಂದು ಪ್ರೋಗ್ರಾಮಿನಲ್ಲಿರುತ್ತಿತ್ತು. ಅದನ್ನು ಓದಿ ಮಗ್ಗದ ಹಾಸಿನ ಉದ್ದೆಳೆಗಳನ್ನು ಎತ್ತಿಸುವ ಡ್ರೈವರ್ ನಾನು ಬರೆದದ್ದು. ಡ್ರೈವರ್ ಓಡುವುದು ಕರ್ನಲ್‌ನಲ್ಲಿ, ಅಂದರೆ ಕಂಪ್ಯೂಟರಿನ ಒಳಮನೆಯಲ್ಲಿ. ಪ್ರೋಗ್ರಾಮು ಹೊರಗಿನದು. ಚಿತ್ರ ಇಂಥಲ್ಲಿದೆ ಎಂದು ಅದು ಕೊಡುವ ವಿಳಾಸವೇ ಪಾಯಿಂಟರ್. ‘ಎಡಕ್ಕೆ ಮೂರನೇ ಮನೆ’ ಅಂದರೆ ರಬಕವಿಯ ಓಣಿಯಲ್ಲಿ ಒಂದು ಮನೆ, ಬನಹಟ್ಟಿಯ ಓಣಿಯಲ್ಲಿ ಇನ್ನೊಂದು. ಇದೂ ಹಾಗೆಯೇ, ಆ ಹೊತ್ತಿಗೆ ಯಾವ ಪ್ರೋಗ್ರಾಮು ಓಡುತ್ತಿದೆಯೋ ಅದರ ಓಣಿ. ಆದ್ದರಿಂದ ವಿಳಾಸ ಸಿಕ್ಕ ಕೂಡಲೇ ಚಿತ್ರವನ್ನು ಒಳಗೆ ನಕಲು ಮಾಡಿಕೊಳ್ಳಬೇಕು. ನಾನು ವಿಳಾಸವನ್ನಷ್ಟೇ ಇಟ್ಟುಕೊಂಡು, ಬೇಕಾದಾಗ ಹೋಗಿ ಓದುವಂತೆ ಬರೆದಿದ್ದೆ. ನನ್ನ ಟೇಬಲ್ಲಿನ ಕಂಪ್ಯೂಟರಿನಲ್ಲಿ ಬೇರೆ ಪ್ರೋಗ್ರಾಮು ಓಡುತ್ತಿರಲಿಲ್ಲ, ನಡೆದುಹೋಯಿತು.

ನನ್ನ ಕೈಕೆಳಗೆ ಹುನ್ನೂರಿನ ಹುಡುಗಿಯೊಬ್ಬಳಿದ್ದಳು. ಕುರಿ ಕಾಯುವ ಮನೆತನದಲ್ಲಿ ಮೊದಲು ಡಿಪ್ಲೊಮಾ ಮುಗಿಸಿದವಳು. ಆರು ತಿಂಗಳ ಪರೀಕ್ಷಾವಧಿಯ ಮೇಲೆ ಬಂದಿದ್ದಳು, ಇದು ನಡೆದದ್ದು ಅದರ ಕೊನೆಯ ವಾರ. ಕಾಯಂ ಆದರೆ ನೌಕರಿ, ಇಲ್ಲದಿದ್ದರೆ ಲಗ್ನ ಎಂದು ಅವಳಪ್ಪ ಖಡಾಖಂಡಿತವಾಗಿ ಹೇಳಿದ್ದ.

ಅವಳು ನನ್ನ ಡ್ರೈವರಿನಲ್ಲಿ ಹೊರಗಿನಿಂದ ಬರುವ ಪಾಯಿಂಟರುಗಳಿಗೆಲ್ಲ ‘ಇದು ಯೂಸರಿನದು’, ಅಂದರೆ ಹೊರಗಿನ ಪ್ರೋಗ್ರಾಮಿನದು, ಎಂಬ ಚೀಟಿ ಹಚ್ಚಿದಳು. ಅದರಿಂದ ಮಗ್ಗದ ಮೇಲೆ ಓಡುವುದರಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ತಪ್ಪು ಹುಡುಕುವ ಉಪಕರಣ ಆ ಚೀಟಿ ನೋಡಿ ಬೈಯುತ್ತದೆ, ಅಷ್ಟೆ. ಬೈದದ್ದು ನನ್ನ ಸಾಲಿಗೇ.

“ಸರ್, ಇಲ್ಲಿ ನಕಲ ಮಾಡ್ಕೊಂಡಿಲ್ರಿ. ನೇಕಾರ ಕಾಕಾಗೋಳು ಗಿರಾಕಿ ಕೊಟ್ಟ ಚಿತ್ರ ನೋಡಿ ಎಂದೂ ನೇಯೂದಿಲ್ರಿ, ಮೊದಲ ತಮ್ಮ ಗ್ರಾಫ್ ಹಾಳ್ಯಾಗ ಇಳಿಸ್ಕೊಂತಾರ. ಗಿರಾಕಿ ನಡುವ ಕಾಗದ ಒಯ್ದ್ರ ಏನ್ ಮಾಡೂದ್ರಿ?”

ನನಗೆ ಮೈಯೆಲ್ಲ ಉರಿಯಿತು. “ನಿನ್ನೆ ಮೊನ್ನೆ ಸಾಲಿ ಬಿಟ್ಟಾಕಿ, ನನಗ ಕಲಸಾಕ ಬಂದಿಯೇನವಾ?” ಅಂದೆ. ಆ ಸಾಲಿನಲ್ಲಿ ಪಾಯಿಂಟರಿನ ಜಾತಿಯನ್ನೇ ಬಲವಂತವಾಗಿ ಬದಲಿಸಿ, ಅದು ಒಳಮನೆಯದೇ ಎನ್ನುವಂತೆ ಬರೆದೆ. ಉಪಕರಣದ ಬಾಯಿ ಬಂದಾಯಿತು. ಡ್ರೈವರ್ ಗಿರಾಕಿಯ ಮಗ್ಗಕ್ಕೆ ಹೋಯಿತು.

ಅಲ್ಲಿ ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರೋಗ್ರಾಮೂ ತೆರೆದಿದ್ದರು. ಡ್ರೈವರ್ ಬೇರೆ ಓಣಿಯ ಮನೆಗೆ ಹೊಕ್ಕಿತು. ದಡಿಯ ನವಿಲು ಕೆಟ್ಟು ಕಸವಾಯಿತು, ಎಳೆಗಳು ಕಿತ್ತುಹೋದವು, ಕಂಪ್ಯೂಟರ್ ಸತ್ತಂತೆ ನಿಂತಿತು. ಗಿರಾಕಿಯಿಂದ ಬೈಸಿಕೊಂಡ ನಮ್ಮ ವರ್ಕ್‌ಶಾಪಿನ ಮಾಲಕ ಮರುದಿನ ನೇರ ನನ್ನ ಟೇಬಲ್ಲಿಗೆ ಬಂದ.

“ಕಡೀಕ ಇದಕ್ಕ ಕೈ ಹಚ್ಚಿದವ್ರು ಯಾರ್ರಿ?”

ಕೊನೆಗೆ ಕೈ ಹಚ್ಚಿದವನು ನಾನು. “ಆಕಿ ನಿನ್ನೆ ಏನೋ ಚೀಟಿ ಹಚ್ಚ್ಯಾಳ್ರಿ,” ಅಂದೆ. ಅದೂ ಖರೆಯೇ. ಸುಳ್ಳು ಹೇಳಲು ಖರೆಯಷ್ಟು ಅನುಕೂಲದ್ದು ಇನ್ನೊಂದಿಲ್ಲ.

“ಸರ್, ನೀವ ಹೇಳ್ರಿ, ಆ ಚೀಟಿಯಿಂದ ಏನರ ಕೆಡತೈತೇನ್ರಿ?” ಅಂದಳು ಅವಳು, ಪಕ್ಕದ ಟೇಬಲ್ಲಿನಿಂದ ಎದ್ದು ನನ್ನತ್ತ ತಿರುಗಿ. ಕೂಗಲಿಲ್ಲ, ಕೇಳಿದಳು. ನಾನು ಪರದೆ ನೋಡುತ್ತ ಕುಳಿತೆ. ನಾಚಿಕೆಗೇಡಿ ನಾನು. ಮಾಲಕ ನಾಳೆಯಿಂದ ಬರಬೇಡ ಅಂದ. ಅವಳು ಟಿಫಿನ್ ಡಬ್ಬಿ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು.

ಅಂದೇ ಮಧ್ಯಾಹ್ನ ಅವಳು ಹೇಳಿದಲ್ಲೇ ನಕಲು ಮಾಡಿಕೊಳ್ಳುವ ಸಾಲು ಸೇರಿಸಿದೆ. ಮಗ್ಗ ಸಂಜೆತನಕ ನಿಲ್ಲದೆ ನಡೆಯಿತು. ಮಾಲಕ ಬೆನ್ನು ಚಪ್ಪರಿಸಿದ.

“ನೋಡ್ರಿ, ಆಕಿ ಹೋದ್ಲು, ಎಲ್ಲಾ ಸರಿ ಆತು.”

“ಹೌದ್ರೀ,” ಅಂದೆ.