ಬೇಲಿ ದಾಟಿದ ಬಳ್ಳಿ

ಹೊರದೇಶದ ಬಂದರಿನಲ್ಲಿ ನಮ್ಮ ಕಾಳುಮೆಣಸನ್ನು ತಡೆದಿದ್ದರು. ಅದು ನಿಜವಾಗಿ ಕೊಡಗಿನದ್ದೇ ಎಂದು ನೋಡಲು, ದೆಹಲಿಯಲ್ಲಿರುವ ಆ ದೇಶದ ಕಸ್ಟಮ್ಸ್ ಅಧಿಕಾರಿಯೇ ಕುಟ್ಟದ ನಮ್ಮ ತೋಟಕ್ಕೆ ಬಂದರು. ರಾಜ್ಯದ ಗಡಿಯೂ ಆಗಿರುವ ಬೇಲಿಯ ಹತ್ತಿರ ಬರುವವರೆಗೆ ಎಲ್ಲ ಸರಿಯಾಗಿತ್ತು. ಅಲ್ಲೊಂದು ಬಳ್ಳಿಯ ಬುಡ ಕೇರಳದಲ್ಲಿದೆ, ಹಬ್ಬಿರುವುದು ನಮ್ಮ ಸಿಲ್ವರ್ ಮರಕ್ಕೆ.

"ಇದನ್ನು ಯಾರು ಕೊಯ್ಯುತ್ತಾರೆ?"

"ನಾವೇ ಸರ್. ಮರ ನಮ್ಮದು, ಏಣಿ ನಮ್ಮದು. ಅರ್ಧ ಆಚೆ ಮನೆ ಮಲಯಾಳಿ ಚೇಟನ್‌ಗೆ ಕೊಡ್ತೇವೆ."

"ಹಾಗಾದರೆ ಇದು ಎಲ್ಲಿಯ ಮೆಣಸು?"

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನಾನು ಮರ ನೋಡಿದೆ, ಅವರು ಬುಡ ನೋಡಿದರು. ಕೊನೆಗೆ, ಈ ಬಳ್ಳಿಯದ್ದನ್ನು ಇನ್ನು ಮುಂದೆ ಬೇರೆ ಇಟ್ಟರೆ ಸರಕು ಬಿಡಿಸುತ್ತೇನೆ ಎಂದರು. ಒಪ್ಪಿಕೊಂಡೆ.

ಮಧ್ಯಾಹ್ನದ ಪಂದಿಕರಿಗೆ ನನ್ನ ಹೆಂಡತಿ ಹಾಕಿದ್ದು ಅದೇ ಬಳ್ಳಿಯ ಮೆಣಸು. ಸಾಹೇಬರು ಎರಡು ಸಲ ಬಡಿಸಿಕೊಂಡರು. ಎಲ್ಲಿಯದೆಂದು ಕೇಳಲಿಲ್ಲ.